ರಂಗನಟಿ, ನಾಟಕಕರ್ತೆ ಸ್ನೇಹಲತಾ ರೆಡ್ಡಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಹಿರಿಯರ ಜೀವನವನ್ನು ಕುರಿತು ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿದರು. ಮಾಗಡಿಯ ಕೆಂಪೇಗೌಡರ ಬಗ್ಗೆ, ನಮ್ಮ ರಾಮನಗರದ ನೆಲದಿಂದಲೇ ಹೋಗಿ ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಬಗ್ಗೆ ಬರೆಯಲು ನನಗಿಂತ ತಿಳಿದವರು ಇದ್ದಾರೆ. ನಾನು ಆರಿಸಿಕೊಂಡ ಹೆಸರು ಸ್ನೇಹಲತಾ ರೆಡ್ಡಿ. ಇವರು ನಮ್ಮ ತಾಲ್ಲೂಕಿನವರಲ್ಲ, ಕನ್ನಡ ಇವರ ಮನೆಮಾತೂ ಅಲ್ಲ. ಆದರೂ ಇವರ ಜೀವನವನ್ನು ನಮ್ಮ ಶಾಲೆಯ ಪುಸ್ತಕದಲ್ಲಿ ಬರೆಯಲು ಎರಡು ಕಾರಣಗಳಿವೆ.

ಮೊದಲನೆಯದು, ನಮ್ಮ ಶಾಲೆಯ ವಯಸ್ಸು. ಈ ಶಾಲೆಯ ಹಾಜರಿ ಪುಸ್ತಕದ ಮೊದಲ ಪುಟ ತೆರೆದದ್ದು 1975ರ ಜೂನ್ ತಿಂಗಳಲ್ಲಿ. ಅದೇ ತಿಂಗಳು 25ರ ರಾತ್ರಿ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ನಮ್ಮ ಶಾಲೆ ಮತ್ತು ಆ ಘಟನೆ ಒಂದೇ ವಾರಿಗೆಯವು. ಇದೇ ಶಾಲೆಯಲ್ಲಿ ಓದಿ, ಮುಂದೆ ಸಮಾಜ ವಿಜ್ಞಾನದ ಶಿಕ್ಷಕನಾಗಿ ಹಲವು ವರ್ಷ ತುರ್ತುಪರಿಸ್ಥಿತಿಯ ಪಾಠ ಮಾಡಿದವನು ನಾನು. ಸಂವಿಧಾನದ 352ನೇ ವಿಧಿ, ಆಂತರಿಕ ಕ್ಷೋಭೆ, 21 ತಿಂಗಳು ಎಂದು ಕಪ್ಪುಹಲಗೆಯ ಮೇಲೆ ಬರೆದರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಂಕವೂ ಬರುತ್ತದೆ. ಆದರೆ ಆ 21 ತಿಂಗಳು ಒಬ್ಬ ಮನುಷ್ಯರ ಬಾಳಿನಲ್ಲಿ ಏನು ಮಾಡಿತು ಎಂದು ಹೇಳಿದಾಗ ಮಾತ್ರ ತರಗತಿ ನಿಶ್ಶಬ್ದವಾಗುತ್ತಿತ್ತು. ಹಾಗೆ ಹೇಳಲು ನಾನು ಪ್ರತಿ ವರ್ಷವೂ ಸ್ನೇಹಲತಾ ಅವರ ಹೆಸರನ್ನೇ ಎತ್ತಿಕೊಳ್ಳುತ್ತಿದ್ದೆ.

ಎರಡನೆಯ ಕಾರಣ ನಾಟಕ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ತಾಲ್ಲೂಕುಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಎಷ್ಟೆಂದು ನಾನು ಹೇಳಬೇಕಾಗಿಲ್ಲ. ಶಿವರಾತ್ರಿ ಬಂತೆಂದರೆ ಊರೂರಿನಲ್ಲಿ ಕುರುಕ್ಷೇತ್ರ. ಹಾರ್ಮೋನಿಯಂ ಮೇಷ್ಟ್ರು ಮೂರು ತಿಂಗಳು ಮುಂಚೆಯೇ ಬಂದು ಅಭ್ಯಾಸ ಶುರು ಮಾಡುತ್ತಾರೆ. ದುರ್ಯೋಧನ, ಕರ್ಣ, ಭೀಮ ಎಲ್ಲರೂ ನಮ್ಮೂರಿನವರೇ. ದ್ರೌಪದಿ, ಕುಂತಿ, ರುಕ್ಮಿಣಿಯರು ಮಾತ್ರ ಹೊರಗಿನಿಂದ ಬರಬೇಕು. ಒಂದು ರಾತ್ರಿಯ ಮಟ್ಟಿಗೆ ಬಂದು, ನಮ್ಮವರು ತಪ್ಪಿದ ಕಂದವನ್ನೂ ತಾವೇ ಸರಿಮಾಡಿಕೊಂಡು ಹಾಡಿ, ಬೆಳಗಿನ ಬಸ್ಸಿಗೆ ಹೊರಟುಹೋಗುವ ಆ ಕಲಾವಿದೆಯರ ಹೆಸರನ್ನು ಕೇಳುವವರು ಕಡಿಮೆ. ದ್ರೌಪದಿ ಚೆನ್ನಾಗಿ ಮಾಡಿದಳು ಎನ್ನುತ್ತೇವೆ, ಅಷ್ಟೇ. ನಮ್ಮ ಮನೆಯ ಹೆಣ್ಣುಮಗಳು ರಂಗದ ಮೇಲೆ ಹತ್ತಬೇಕೆಂದರೆ ಮಾತು ಬೇರೆಯಾಗುತ್ತದೆ. ಇಂಥ ಊರಿನವರಾದ ನಾವು, ನಟಿಸಿದ, ನಾಟಕವನ್ನೂ ಬರೆದ, ಕೊನೆಗೆ ತನ್ನ ಬಾಳಿನಲ್ಲಿಯೂ ತಲೆ ತಗ್ಗಿಸದ ಒಬ್ಬ ಹೆಣ್ಣುಮಗಳ ಕಥೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಸ್ನೇಹಲತಾ ಹುಟ್ಟಿದ್ದು 1932ರಲ್ಲಿ, ಆಂಧ್ರ ಮೂಲದ ಒಂದು ಕ್ರೈಸ್ತ ಕುಟುಂಬದಲ್ಲಿ. ಬ್ರಿಟಿಷರ ಆಳ್ವಿಕೆಯ ಕೊನೆಯ ವರ್ಷಗಳು ಅವು. ಸ್ವಾತಂತ್ರ್ಯ ಚಳವಳಿಯ ಗಾಳಿ ಆ ಹುಡುಗಿಯನ್ನೂ ಬಲವಾಗಿಯೇ ತಟ್ಟಿತು. ಪರಕೀಯರ ಆಳ್ವಿಕೆಯ ಮೇಲಿನ ಸಿಟ್ಟಿನಿಂದ ಅವರು ಭಾರತೀಯ ಹೆಸರನ್ನೇ ಇಟ್ಟುಕೊಂಡರು, ಭಾರತೀಯ ಉಡುಪನ್ನೇ ಉಟ್ಟರು. ಹಣೆಯ ಮೇಲೆ ಕಾಸಗಲದ ಕುಂಕುಮ ಇಟ್ಟ ಅವರ ಚಿತ್ರ ಇಂದಿಗೂ ನೋಡಸಿಗುತ್ತದೆ. ಭರತನಾಟ್ಯವನ್ನು ಅವರು ತಂಜಾವೂರು ಪರಂಪರೆಯ ಗುರು ಕಿಟ್ಟಪ್ಪ ಪಿಳ್ಳೈ ಅವರಲ್ಲಿ ಕಲಿತರು. ರಂಗದ ಮೇಲೆ ಹೇಗೆ ನಿಲ್ಲಬೇಕು, ಮಾತಿಲ್ಲದೆ ಹೇಗೆ ಹೇಳಬೇಕು ಎಂಬ ಪಾಠ ಅವರಿಗೆ ನೃತ್ಯದಿಂದಲೇ ಮೊದಲು ಸಿಕ್ಕಿರಬೇಕು.

ಅವರ ಪತಿ ಪಟ್ಟಾಭಿರಾಮ ರೆಡ್ಡಿಯವರು ನೆಲ್ಲೂರಿನವರು. 1939ರಲ್ಲಿಯೇ ಫಿಡೇಲು ರಾಗಾಲ ಡಜನ್ ಎಂಬ ಕವನ ಸಂಕಲನ ತಂದು ತೆಲುಗು ಕಾವ್ಯದ ಹಳೆಯ ಚೌಕಟ್ಟನ್ನು ಅಲುಗಾಡಿಸಿದ ಕವಿ. ಮುಂದೆ ಚಲನಚಿತ್ರ ನಿರ್ಮಾಣಕ್ಕೆ ಬಂದವರು. ಗಂಡಹೆಂಡಿರಿಬ್ಬರೂ ರಾಮಮನೋಹರ ಲೋಹಿಯಾ ಅವರ ವಿಚಾರಗಳಿಗೆ ಮನಸೋತವರು. ಜಾತಿ ಹೋಗಬೇಕು, ಹೆಣ್ಣುಗಂಡಿನ ಮೇಲುಕೀಳು ಹೋಗಬೇಕು, ಅನ್ಯಾಯವನ್ನು ಒಬ್ಬಂಟಿಯಾಗಿಯಾದರೂ ಎದುರಿಸಬೇಕು ಎಂಬ ಲೋಹಿಯಾ ವಿಚಾರ ಆ ಕಾಲದಲ್ಲಿ ಕರ್ನಾಟಕದ ಬರಹಗಾರರನ್ನೂ ಸೆಳೆದಿತ್ತು. ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್, ಪೂರ್ಣಚಂದ್ರ ತೇಜಸ್ವಿ ಎಲ್ಲರೂ ಆ ಬಳಗಕ್ಕೆ ಸೇರಿದವರೇ. ರೆಡ್ಡಿ ದಂಪತಿಗಳು ಕನ್ನಡಕ್ಕೆ ಹತ್ತಿರವಾದದ್ದೂ ಈ ದಾರಿಯಲ್ಲಿಯೇ.

ರಂಗಭೂಮಿಯಲ್ಲಿ ಸ್ನೇಹಲತಾ ಅವರ ಮೊದಲ ನೆಲೆ ಮದರಾಸು. ಅಲ್ಲಿ ಬ್ರಿಟಿಷ್ ಕೌನ್ಸಿಲ್ಲಿನ ಆಶ್ರಯದಲ್ಲಿ 1950ರ ದಶಕದಲ್ಲಿ ಆರಂಭವಾಗಿ ಬೆಳೆದ ಮದ್ರಾಸ್ ಪ್ಲೇಯರ್ಸ್ ಎಂಬ ಹವ್ಯಾಸಿ ತಂಡವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಹವ್ಯಾಸಿ ತಂಡವೆಂದರೆ ನಮ್ಮ ಗುಬ್ಬಿ ಕಂಪನಿಯಂತೆ ಊರಿಂದೂರಿಗೆ ಕ್ಯಾಂಪು ಹೂಡಿ, ಟಿಕೆಟ್ಟಿನ ಹಣದಿಂದ ನೂರಾರು ಜನರ ಹೊಟ್ಟೆ ಹೊರೆಯುವ ಸಂಸ್ಥೆಯಲ್ಲ. ಹಗಲು ಬೇರೆ ಬೇರೆ ಕೆಲಸ ಮಾಡುವವರು ಸಂಜೆ ಕೂಡಿ ಅಭ್ಯಾಸ ಮಾಡಿ, ಕೆಲವೇ ಪ್ರಯೋಗಗಳನ್ನು ಕೊಡುವ ಬಳಗ. ನಮ್ಮ ಹಳ್ಳಿಯ ನಾಟಕ ಮಂಡಳಿಯೂ ಈ ಲೆಕ್ಕದಲ್ಲಿ ಹವ್ಯಾಸಿಯೇ. ಇಬ್ಸನ್ನನ ಪೀರ್ ಗಿಂಟ್, ಷೇಕ್ಸ್‌ಪಿಯರನ ಟ್ವೆಲ್ತ್ ನೈಟ್ ಮುಂತಾದ ನಾಟಕಗಳನ್ನು ಆ ತಂಡ ಇಂಗ್ಲಿಷಿನಲ್ಲಿ ಆಡಿತು. ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಕೆಲಸದಲ್ಲಿದ್ದ ಗಿರೀಶ ಕಾರ್ನಾಡರೂ ಅದೇ ತಂಡದ ಒಡನಾಡಿಯಾಗಿದ್ದರು. ಮುಂದೆ ಕನ್ನಡ ಚಿತ್ರರಂಗದಲ್ಲಿ ನಡೆದ ಒಂದು ದೊಡ್ಡ ಕೆಲಸಕ್ಕೆ ಬೀಜ ಬಿದ್ದದ್ದು ಆ ಸ್ನೇಹದಲ್ಲಿ.

ಆ ಕೆಲಸ ಸಂಸ್ಕಾರ. ಅನಂತಮೂರ್ತಿಯವರ ಆ ಕಾದಂಬರಿ 1965ರಲ್ಲಿ ಪ್ರಕಟವಾಗಿತ್ತು. ಪಟ್ಟಾಭಿರಾಮ ರೆಡ್ಡಿಯವರು ಅದನ್ನು ಚಿತ್ರ ಮಾಡಲು ಹೊರಟರು. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನ ಪಾತ್ರ ವಹಿಸಿದವರು ಕಾರ್ನಾಡರು. ನಾರಣಪ್ಪನಾಗಿ ಲಂಕೇಶರು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಸಂಗೀತ ಕೊಟ್ಟವರು ಸರೋದ್ ವಾದಕ ರಾಜೀವ ತಾರಾನಾಥರು. ಮಲೆನಾಡಿನ ಶೃಂಗೇರಿಯ ಬಳಿ ಚಿತ್ರೀಕರಣ ನಡೆಯಿತು. ಚಂದ್ರಿಯ ಪಾತ್ರ ಸ್ನೇಹಲತಾ ಅವರದು.

ಚಂದ್ರಿ ಎಂದರೆ ಯಾರು? ಅಗ್ರಹಾರದ ಕಟ್ಟಳೆ ಮುರಿದ ನಾರಣಪ್ಪ ಕಟ್ಟಿಕೊಂಡಿದ್ದ ಹೆಣ್ಣು. ಅವನು ಸತ್ತ ಮೇಲೆ ಹೆಣ ಸುಡುವವರಾರು ಎಂದು ಊರಿನ ದೊಡ್ಡವರೆಲ್ಲ ಶಾಸ್ತ್ರ ಹುಡುಕುತ್ತ ಕುಳಿತಾಗ, ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿ ಸಂಸ್ಕಾರದ ಖರ್ಚಿಗೆಂದು ಇಡುವವಳು ಅವಳು. ಬಂಗಾರ ಕಂಡ ಮೇಲೆ ಜಗಳ ಇನ್ನೂ ಹೆಚ್ಚಾಗುತ್ತದೆ, ಹೆಣ ಮಾತ್ರ ಅಲ್ಲಿಯೇ ಇರುತ್ತದೆ. ಕೊನೆಗೆ ಅವಳೇ ರಾತ್ರಿಯ ಹೊತ್ತು ಒಬ್ಬ ಮುಸಲ್ಮಾನ ಮೀನು ವ್ಯಾಪಾರಿಯ ಸಹಾಯ ಪಡೆದು ಆ ಹೆಣವನ್ನು ಸುಡಿಸುತ್ತಾಳೆ. ಊರಿನ ಕಣ್ಣಿಗೆ ಕೀಳಾದವಳು ಊರಿನವರಾರೂ ಮಾಡದ ಧರ್ಮದ ಕೆಲಸವನ್ನು ಸದ್ದಿಲ್ಲದೆ ಮಾಡಿ ಹೋಗುತ್ತಾಳೆ. ಪಾತ್ರಕ್ಕೆ ಮಾತು ಕಡಿಮೆ. ಕಣ್ಣು, ನಿಲುವು, ನಡಿಗೆಯಿಂದಲೇ ನಡೆಸಬೇಕಾದ ಪಾತ್ರ. ಕನ್ನಡ ಮನೆಮಾತಲ್ಲದ ಸ್ನೇಹಲತಾ ಕನ್ನಡಿಗರ ನೆನಪಿನಲ್ಲಿ ಚಂದ್ರಿಯಾಗಿ ಉಳಿದದ್ದು ಹೀಗೆ.

ಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿತು. ಒಂದು ಸಮುದಾಯದ ಭಾವನೆಗೆ ನೋವಾದೀತು ಎಂಬುದು ಕಾರಣ. ಹೋರಾಟದ ನಂತರ 1970ರಲ್ಲಿ ಬಿಡುಗಡೆಯಾಯಿತು. ಅದೇ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲವನ್ನೂ ಪಡೆಯಿತು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು. ಬೇಡವೆಂದು ತಡೆದ ಚಿತ್ರವನ್ನೇ ದೇಶ ತಲೆಯ ಮೇಲೆ ಹೊತ್ತುಕೊಂಡಿತು.

ಸ್ನೇಹಲತಾ ಅವರು ನಟಿಸಿ ಸುಮ್ಮನಾದವರಲ್ಲ. ನಾಟಕವನ್ನೂ ಬರೆದರು. ಇಂಗ್ಲಿಷಿನಲ್ಲಿ ಅವರು ಬರೆದ ಸೀತಾ ಎಂಬ ನಾಟಕ ರಾಮಾಯಣದ ಕಥೆಯನ್ನು ಸೀತೆಯ ಕಡೆಯಿಂದ ನೋಡುತ್ತದೆ. ರಾಮದೇವರ ಬೆಟ್ಟದ ನೆರಳಿನಲ್ಲಿ ಬೆಳೆದ ನಮಗೆ ಸೀತೆ ದೂರದವಳಲ್ಲ. ವನವಾಸದ ಕಾಲದಲ್ಲಿ ರಾಮ ಸೀತೆಯರು ಇಲ್ಲಿ ತಂಗಿದ್ದರು ಎಂಬ ಐತಿಹ್ಯವನ್ನು ಅಜ್ಜಿಯರ ಬಾಯಲ್ಲಿ ಕೇಳಿಯೇ ದೊಡ್ಡವರಾದೆವು. ಆದರೆ ಅಗ್ನಿಪ್ರವೇಶದ ಕಥೆ ಕೇಳುವಾಗ ಸೀತೆಗೆ ಏನನ್ನಿಸಿರಬಹುದು ಎಂದು ನಮ್ಮಲ್ಲಿ ಕೇಳಿದವರು ಅಜ್ಜಿಯರೇ ಹೊರತು ನಾಟಕದ ಮೇಷ್ಟ್ರುಗಳಲ್ಲ. ರಂಗದ ಮೇಲೆ ಎಷ್ಟೋ ಸ್ತ್ರೀಪಾತ್ರಗಳ ಮಾತನ್ನು ಗಂಡಸರು ಬರೆದು ಕೊಟ್ಟಿದ್ದಾರೆ. ಆ ಮಾತುಗಳನ್ನು ಆಡಿ ಬಲ್ಲ ಒಬ್ಬ ನಟಿ ತಾನೇ ಲೇಖನಿ ಹಿಡಿದರೆ ಬರುವ ಮಾತು ಬೇರೆ. ಪಾತ್ರ ಎಲ್ಲಿ ಸುಮ್ಮನೆ ನಿಲ್ಲಬೇಕಾಗುತ್ತದೆ, ಎಲ್ಲಿ ಉಸಿರು ಕಟ್ಟುತ್ತದೆ ಎಂಬುದು ಆಡಿದವರಿಗೇ ಗೊತ್ತು. ಹೆಣ್ಣಿನ ಕಡೆಯಿಂದ ಪುರಾಣವನ್ನು ಓದುವುದು ಇಂದು ಸಾಮಾನ್ಯವಾಗಿದೆ. ಅವರು ಬರೆದ ಕಾಲಕ್ಕೆ ಅದು ಸಾಮಾನ್ಯವಾಗಿರಲಿಲ್ಲ.

ಇನ್ನು 1975ಕ್ಕೆ ಬರೋಣ. ಆ ವರ್ಷ ನಮ್ಮ ನಾಲ್ಕು ತಾಲ್ಲೂಕುಗಳೂ ಬೆಂಗಳೂರು ಜಿಲ್ಲೆಯಲ್ಲಿಯೇ ಇದ್ದವು. ನಮ್ಮ ಹಿರಿಯರಿಗೆ ಆ ವರ್ಷ ನೆನಪಿರುವುದು ಹೆಚ್ಚಾಗಿ ಶೋಲೆಯಿಂದ. ರಾಮದೇವರ ಬೆಟ್ಟದಲ್ಲಿ ಊರನ್ನೇ ಕಟ್ಟಿ ತೆಗೆದ ಆ ಚಿತ್ರ 1975ರ ಆಗಸ್ಟ್ 15ರಂದು ತೆರೆಗೆ ಬಂತು. ಅದರ ಕೊನೆಯಲ್ಲಿ ಠಾಕೂರನು ಗಬ್ಬರನನ್ನು ಕೊಲ್ಲುವಂತೆ ತೆಗೆದಿದ್ದ ದೃಶ್ಯವನ್ನು ಸೆನ್ಸಾರಿನವರು ಒಪ್ಪಲಿಲ್ಲ, ಪೊಲೀಸರು ಬಂದು ಹಿಡಿದುಕೊಂಡು ಹೋಗುವಂತೆ ಬದಲಾಯಿಸಬೇಕಾಯಿತು. ತೆರೆಯ ಮೇಲೆ ಕಾನೂನು ಗೆದ್ದಿತು. ತೆರೆಯ ಹೊರಗೆ ಕಾನೂನಿನ ಗತಿ ಬೇರೆಯಾಗಿತ್ತು. ಪತ್ರಿಕೆಗಳಿಗೆ ಮುಂಚಿತ ಸೆನ್ಸಾರ್ ಬಂತು. ವಿರೋಧ ಪಕ್ಷಗಳ ನಾಯಕರು ಜೈಲು ಸೇರಿದರು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನು ಇಲ್ಲಿಯೇ ಬಂಧಿಸಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿಟ್ಟರು. ಮುಂದೆ ಕನಕಪುರದಿಂದ ಗೆದ್ದು ಬಂದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರೂ, ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾಗಿ ಪ್ರಧಾನಿಯೂ ಆದ ದೇವೇಗೌಡರೂ ಆ ಕಾಲದಲ್ಲಿ ಸೆರೆವಾಸ ಕಂಡವರೇ.

ಇವರೆಲ್ಲ ರಾಜಕಾರಣಿಗಳು. ಸೆರೆಮನೆ ರಾಜಕಾರಣದ ಒಂದು ಭಾಗವೆಂದು ಬಲ್ಲವರು. ಸ್ನೇಹಲತಾ ಕಲಾವಿದೆ. ಅವರನ್ನು ಏಕೆ ಹಿಡಿದರು? ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸರು 1974ರ ರೈಲ್ವೆ ಮುಷ್ಕರದ ನಾಯಕರು. ತುರ್ತುಪರಿಸ್ಥಿತಿ ಬಂದ ಕೂಡಲೇ ತಲೆಮರೆಸಿಕೊಂಡು ಸರ್ಕಾರದ ವಿರುದ್ಧ ಗುಪ್ತವಾಗಿ ಕೆಲಸ ಮಾಡುತ್ತಿದ್ದರು. ರೆಡ್ಡಿ ಕುಟುಂಬ ಅವರ ಸ್ನೇಹಿತರ ಕುಟುಂಬ. ಬರೋಡಾ ಡೈನಮೈಟ್ ಪ್ರಕರಣ ಎಂದು ಹೆಸರಾದ ಮೊಕದ್ದಮೆಯಲ್ಲಿ ಜಾರ್ಜರನ್ನು ಹುಡುಕುತ್ತಿದ್ದ ಪೊಲೀಸರು ಅವರ ಸುಳಿವಿಗಾಗಿ ಸ್ನೇಹಿತರು, ಬಂಧುಗಳನ್ನೆಲ್ಲ ಹಿಡಿಯತೊಡಗಿದರು. 1976ರ ಮೇ 2ರಂದು ಸ್ನೇಹಲತಾ ಬಂಧನಕ್ಕೆ ಒಳಗಾದರು.

ಈ ದಿನಾಂಕದ ಹಿಂದೆ ಇನ್ನೊಂದು ದಿನಾಂಕವಿದೆ. ಅದನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತಿದ್ದೆ. ಅದಕ್ಕೆ ನಾಲ್ಕು ದಿನ ಮೊದಲು, ಏಪ್ರಿಲ್ 28ರಂದು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಂದು ತೀರ್ಪು ಕೊಟ್ಟಿತ್ತು. ತುರ್ತುಪರಿಸ್ಥಿತಿಯಲ್ಲಿ ತನ್ನನ್ನು ಏಕೆ ಹಿಡಿದಿದ್ದೀರಿ ಎಂದು ನ್ಯಾಯಾಲಯದಲ್ಲಿ ಕೇಳುವ ಹಕ್ಕು ಪ್ರಜೆಗೆ ಇಲ್ಲ ಎಂಬುದು ಆ ತೀರ್ಪು. ಭಿನ್ನಮತ ಬರೆದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಹೀಗಾಗಿ ಸ್ನೇಹಲತಾ ಜೈಲಿನ ಬಾಗಿಲು ದಾಟಿದಾಗ ಆ ಬಾಗಿಲನ್ನು ತಟ್ಟಬಹುದಾಗಿದ್ದ ಕಾನೂನಿನ ಕೈ ಆಗಲೇ ಕಟ್ಟಿಹೋಗಿತ್ತು. ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಆದರೂ ಬಿಡಲಿಲ್ಲ. ಆಂತರಿಕ ಭದ್ರತಾ ಕಾಯ್ದೆ, ಅಂದರೆ ಮೀಸಾ, ಅದರಡಿಯಲ್ಲಿ ವಿಚಾರಣೆಯೇ ಇಲ್ಲದೆ ಎಂಟು ತಿಂಗಳಿಗೂ ಹೆಚ್ಚು ಕಾಲ ಇಟ್ಟುಕೊಂಡರು.

ಸ್ನೇಹಲತಾ ಅವರಿಗೆ ಹಳೆಯ ಉಬ್ಬಸವಿತ್ತು. ಒಬ್ಬರಿಗೆ ಸಾಲುವಷ್ಟೇ ಇಕ್ಕಟ್ಟಾದ ಕೋಣೆ, ಒಂದು ಕಡೆ ಕಬ್ಬಿಣದ ಸರಳು, ಇನ್ನೊಂದು ಮೂಲೆಯಲ್ಲಿ ಶೌಚಕ್ಕೆಂದು ಒಂದು ಕಿಂಡಿ. ಉಬ್ಬಸದವರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಮಳೆಗಾಲದ ತಂಡಿ ರಾತ್ರಿ ಅವರು ಹೇಗೆ ಎದ್ದು ಕುಳಿತು ಬೆಳಗು ಮಾಡುತ್ತಾರೆಂದು ನಮಗೆ ಗೊತ್ತು. ಅಂಥ ಜೀವ ಅಲ್ಲಿ ಮಳೆಗಾಲವನ್ನೂ ಚಳಿಗಾಲವನ್ನೂ ಕಳೆಯಿತು. ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಎರಡು ಬಾರಿ ಪ್ರಜ್ಞೆ ತಪ್ಪಿದರು. ರಾತ್ರಿಯ ನಿಶ್ಶಬ್ದದಲ್ಲಿ ಅವರ ಕೂಗು ತಮಗೆ ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ಮಧು ದಂಡವತೆಯವರು ಮುಂದೆ ನೆನೆದಿದ್ದಾರೆ.

ಆದರೆ ಈ ಕಥೆ ಬರೀ ಸಂಕಟದ ಕಥೆಯಲ್ಲ. ಆ ಜೈಲಿನ ಹೆಂಗಸರ ವಿಭಾಗದಲ್ಲಿ ಬಡತನದಿಂದ, ಗಂಡನ ಮನೆಯ ಕಷ್ಟದಿಂದ, ಸಣ್ಣಪುಟ್ಟ ಕಳವಿನಿಂದ ಬಂದು ಬಿದ್ದಿದ್ದ ಹೆಣ್ಣುಮಕ್ಕಳಿದ್ದರು. ಅವರನ್ನು ಹೊಡೆಯುವುದು, ಒಳಗೆ ಬರುವಾಗ ಅವಮಾನವಾಗುವಂತೆ ಶೋಧಿಸುವುದು ಅಲ್ಲಿನ ವಾಡಿಕೆ. ಸ್ನೇಹಲತಾ ಅದನ್ನು ಪ್ರತಿಭಟಿಸಿದರು. ಕೆಟ್ಟ ಊಟದ ವಿರುದ್ಧ ಉಪವಾಸ ಹೂಡಿದರು. ಹೊಡೆತ ಕಡಿಮೆಯಾಯಿತು, ಊಟ ಅಷ್ಟಿಷ್ಟು ಸುಧಾರಿಸಿತು. ಇಷ್ಟೇ ಅಲ್ಲ, ಆ ಹೆಂಗಸರನ್ನು ಕೂಡಿಸಿ ಹಾಡು ಹೇಳಿಸಿದರು, ಕುಣಿಸಿದರು, ನಾಟಕ ಆಡಿಸಿದರು. ಪರದೆಯಿಲ್ಲ, ಸೀನರಿಯಿಲ್ಲ, ಬಣ್ಣವಿಲ್ಲ. ಷೇಕ್ಸ್‌ಪಿಯರನನ್ನು ಆಡಿ ಬಂದ ನಟಿಯ ಕೊನೆಯ ತಂಡ ಆ ಕೈದಿ ಹೆಂಗಸರದೇ. ಉಸಿರಾಡಲು ಕಷ್ಟಪಡುತ್ತಿದ್ದವರು ಬೇರೆಯವರ ಉಸಿರಿಗೆ ಹಾಡು ಕೊಟ್ಟರು ಎಂಬ ಈ ಒಂದು ಸಂಗತಿಗಾಗಿಯೇ ನಾನು ಇವರನ್ನು ದೊಡ್ಡವರೆನ್ನುತ್ತೇನೆ.

ಜೈಲಿನಲ್ಲಿ ಅವರು ದಿನಚರಿಯನ್ನೂ ಬರೆದರು. ತಾನು ಪಟ್ಟದ್ದನ್ನಷ್ಟೇ ಅಲ್ಲ, ಸುತ್ತಲಿನ ಹೆಂಗಸರ ಪಾಡನ್ನೂ ಅದರಲ್ಲಿ ಬರೆದಿಟ್ಟರು. ಅವರು ತೀರಿಕೊಂಡ ಮೇಲೆ 1977ರಲ್ಲಿ ಕರ್ನಾಟಕದ ಮಾನವ ಹಕ್ಕುಗಳ ಸಮಿತಿ ಅದನ್ನು ಪುಸ್ತಕವಾಗಿ ತಂದಿತು. ಸೀತೆಯ ಮಾತನ್ನು ಬರೆದ ಕೈಯೇ ಹೆಸರಿಲ್ಲದ ಈ ಹೆಂಗಸರ ಮಾತನ್ನೂ ಬರೆಯಿತು.

ಶ್ವಾಸಕೋಶ ಪೂರ್ತಿ ಕೆಟ್ಟ ಮೇಲೆ, 1977ರ ಜನವರಿ 15ರಂದು ಅವರನ್ನು ಪೆರೋಲ್ ಮೇಲೆ ಹೊರಗೆ ಬಿಟ್ಟರು. ಬಿಡುಗಡೆಯಲ್ಲ, ಪೆರೋಲ್. ಜನವರಿ 18ರಂದು ಲೋಕಸಭೆಗೆ ಚುನಾವಣೆ ನಡೆಯುವುದಾಗಿ ಪ್ರಧಾನಿ ಘೋಷಿಸಿದರು. ದೇಶದ ಬಾಗಿಲು ತೆರೆಯುವ ಸದ್ದು ಕೇಳಿದ ಎರಡೇ ದಿನಕ್ಕೆ, ಜನವರಿ 20ರಂದು, ಸ್ನೇಹಲತಾ ತೀರಿಕೊಂಡರು. ವಯಸ್ಸು ಇನ್ನೂ ನಲವತ್ತೈದು ಮುಟ್ಟಿರಲಿಲ್ಲ. ಮಾರ್ಚಿ 21ರಂದು ತುರ್ತುಪರಿಸ್ಥಿತಿ ರದ್ದಾಯಿತು. ಜಾರ್ಜ್ ಫರ್ನಾಂಡಿಸರು ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಗೆದ್ದು ಮಂತ್ರಿಯಾದರು. ಪಟ್ಟಾಭಿರಾಮ ರೆಡ್ಡಿಯವರು ಪತ್ನಿಯ ನಂತರ ಸುಮಾರು ಮೂವತ್ತು ವರ್ಷ ಬದುಕಿ 2006ರಲ್ಲಿ ನಿಧನರಾದರು. ಮಗಳು ನಂದನಾ ರೆಡ್ಡಿಯವರು ದುಡಿಯುವ ಮಕ್ಕಳ ಹಕ್ಕುಗಳಿಗಾಗಿ ಕೆಲಸ ಮಾಡುತ್ತ ಬಂದರು. ಮಗ ಕೊನಾರಕ್ ರೆಡ್ಡಿಯವರು ಗಿಟಾರ್ ವಾದಕರು.

ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಶೇಷಾದ್ರಿ ರಸ್ತೆಯತ್ತ ಸ್ವಲ್ಪ ದೂರ ನಡೆದರೆ ಆ ಹಳೆಯ ಜೈಲಿನ ಜಾಗ ಸಿಗುತ್ತದೆ. ಈಗ ಅದರ ಹೆಸರು ಫ್ರೀಡಂ ಪಾರ್ಕ್. ನಮ್ಮ ರೇಷ್ಮೆ ಬೆಳೆಗಾರರು, ಅಂಗನವಾಡಿಯ ಹೆಣ್ಣುಮಕ್ಕಳು, ನಾವು ಶಿಕ್ಷಕರು ಎಲ್ಲರೂ ಬೇಡಿಕೆ ಇಟ್ಟುಕೊಂಡು ಧರಣಿ ಕೂರಲು ಹೋಗುವುದು ಅಲ್ಲಿಗೇ. ಪೊಲೀಸರ ಎದುರಿಗೇ ಕುಳಿತು ಸರ್ಕಾರವನ್ನು ಬೈದು, ಸಂಜೆ ರೈಲು ಹಿಡಿದು ಮನೆಗೆ ಬರುತ್ತೇವೆ. ಹಾಗೆ ಬರಬಹುದು ಎಂಬುದು ಎಷ್ಟು ದೊಡ್ಡ ಮಾತು ಎನ್ನುವುದು ಸ್ನೇಹಲತಾ ಅವರ ಕಥೆ ಗೊತ್ತಿದ್ದವರಿಗೆ ತಿಳಿಯುತ್ತದೆ. ಮುಂದಿನ ಬಾರಿ ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆದುಕೊಂಡು ಹೋಗುವ ಶಿಕ್ಷಕರು ವಿಧಾನಸೌಧ, ಲಾಲ್‌ಬಾಗ್ ಜೊತೆಗೆ ಆ ಜಾಗವನ್ನೂ ತೋರಿಸಿದರೆ ಒಂದು ಪಾಠ ಮುಗಿದಂತೆ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿಯೂ ಊರಿನ ಹಿರಿಯರಲ್ಲಿಯೂ ಒಂದು ವಿನಂತಿ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ಕಾಂಪೌಂಡು, ಕಮಾನು, ನೀರಿನ ಟ್ಯಾಂಕು ಎಲ್ಲವೂ ಆಗಲಿ. ಅದರ ಜೊತೆ ಒಂದು ಪುಟ್ಟ ರಂಗಮಂಚವೂ, ಗ್ರಂಥಾಲಯದಲ್ಲಿ ನಾಟಕಗಳದೇ ಒಂದು ಕಪಾಟೂ ಆಗಲಿ. ನಮ್ಮ ಶಾಲೆಯಲ್ಲಿ ಈಗ ಹುಡುಗರಿಗಿಂತ ಹುಡುಗಿಯರೇ ಚೆನ್ನಾಗಿ ಓದುತ್ತಿದ್ದಾರೆ, ಕನ್ನಡವನ್ನೂ ಚೆನ್ನಾಗಿ ಬರೆಯುತ್ತಾರೆ. ಅವರು ನಾಟಕ ಬರೆಯಲಿ, ತಾವು ಬರೆದದ್ದನ್ನು ತಾವೇ ಆಡಲಿ. ಬೇಡ ಎನ್ನುವ ಮೊದಲು ತಂದೆತಾಯಿಯರು ಒಂದು ಸಾರಿ ಮುಂದಿನ ಸಾಲಿನಲ್ಲಿ ಕುಳಿತು ನೋಡಲಿ. ಶಿವರಾತ್ರಿಗೆ ಹೊರಗಿನಿಂದ ಬರುವ ಕಲಾವಿದೆಯರ ಹೆಸರನ್ನೂ ಕರಪತ್ರದಲ್ಲಿ ದುರ್ಯೋಧನನ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸೋಣ. ಸ್ನೇಹಲತಾ ರೆಡ್ಡಿಯವರಿಗೆ ನಮ್ಮ ಊರು ಸಲ್ಲಿಸಬಹುದಾದ ಗೌರವ ಇಷ್ಟು. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.